ಕೊಟ್ರೇಶ ಎಂದರೆ ಯಾವ ಕಡೆಯವರು?



ಬೆಂಗಳೂರಿನ ಯಾವುದೋ ಕಚೇರಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ತನ್ನ ಹೆಸರು ಕೊಟ್ರೇಶ ಎಂದು ಹೇಳಿದನೆನ್ನಿ. ಎದುರಿಗಿದ್ದವರು ಕೇಳುವ ಮರುಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಬಳ್ಳಾರಿ ಕಡೆಯವರಾ, ದಾವಣಗೆರೆ ಕಡೆಯವರಾ?’ ರಮೇಶನಿಗಾಗಲಿ, ಮಂಜುನಾಥನಿಗಾಗಲಿ ಈ ಪ್ರಶ್ನೆ ಎದುರಾಗುವುದಿಲ್ಲ. ಆ ಹೆಸರುಗಳಿಗೆ ಇಡೀ ರಾಜ್ಯವೇ ಊರು. ಕೊಟ್ರೇಶನಿಗೆ ಮಾತ್ರ ಹೆಸರಿನ ಜೊತೆಯಲ್ಲಿಯೇ ವಿಳಾಸವೂ ಅಂಟಿಕೊಂಡು ಬರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳಲ್ಲಿ ಕೊಟ್ರಪ್ಪ, ಕೊಟ್ರೇಶ, ಕೊಟ್ರಗೌಡ, ಕೊಟ್ರಯ್ಯ, ಕೊಟ್ರಬಸಪ್ಪ, ಕೊಟ್ರಮ್ಮ ಇಲ್ಲದ ಊರು ಸಿಗುವುದು ಕಷ್ಟ. ಕೊಟ್ಟೂರಿನ ತೇರಿನ ದಿನ ಜನಸಂದಣಿಯ ನಡುವೆ ನಿಂತು ‘ಕೊಟ್ರೇಶಾ’ ಎಂದು ಒಮ್ಮೆ ಕೂಗಿದರೆ ಹತ್ತು ತಲೆಗಳಾದರೂ ತಿರುಗಿ ನೋಡುತ್ತವೆ. ಅದೇ ಕೂಗನ್ನು ಮೈಸೂರಿನ ದಸರೆಯಲ್ಲಿ ಹಾಕಿದರೆ ತಿರುಗುವವರು ಅಪರೂಪ. ಒಂದು ಹೆಸರು ಇಷ್ಟು ಕಡಿಮೆ ನೆಲದಲ್ಲಿ ಇಷ್ಟು ದಟ್ಟವಾಗಿ ಬೆಳೆದದ್ದು ಹೇಗೆ, ಅದು ಎಲ್ಲಿಗೆ ಹೋಗಿದೆ, ಮುಂದೆ ಏನಾದೀತು ಎಂಬುದೇ ಇಂದಿನ ಮಾತಿನ ವಿಷಯ.

ಹೆಸರಿನ ಹುಟ್ಟು ಸ್ಪಷ್ಟವಾಗಿದೆ. ಕೊಟ್ಟೂರಿನ ಗುರುಬಸವೇಶ್ವರರನ್ನು ಜನ ಕೊಟ್ಟೂರೇಶ್ವರ ಎಂದು ಕರೆದರು. ಆ ಉದ್ದನೆಯ ಹೆಸರು ದಿನಬಳಕೆಯ ಬಾಯಲ್ಲಿ ನಿಲ್ಲಲಿಲ್ಲ. ಕೊಟ್ಟೂರಪ್ಪ ಎಂಬುದು ನಡುವಿನ ದೀರ್ಘ ಸ್ವರವನ್ನು ಕಳೆದುಕೊಂಡು ಕೊಟ್ರಪ್ಪನಾಯಿತು, ಕೊಟ್ಟೂರೇಶ ಕೊಟ್ರೇಶನಾದ. ಇದನ್ನು ಅರಿಯದ ಊರಿನವರು ಕೊಟ್ರೇಶನನ್ನು ‘ಕೋಟೇಶ್’ ಎಂದು ಬರೆದುಬಿಡುವುದುಂಟು. ಕೋಟೇಶ್ವರನೇ ಬೇರೆ, ಕೊಟ್ಟೂರೇಶ್ವರನೇ ಬೇರೆ. ಕೊಟ್ರೇಶನ ಹೆಸರಿನೊಳಗೆ ಇರುವುದು ಕೋಟಿಯೂ ಅಲ್ಲ, ಕೋಟೆಯೂ ಅಲ್ಲ, ಒಂದು ಊರು.

ಆ ಊರಿನ ಹೆಸರಿಗೂ ಒಂದು ಕಥೆಯಿದೆ. ಮೊದಲು ಇದು ಶಿಖಾಪುರ ಎಂದೂ, ಇಲ್ಲಿ ವೀರಭದ್ರ ನೆಲೆಸಿದ್ದನೆಂದೂ, ಬಸವೇಶ್ವರರು ಬಂದಾಗ ವೀರಭದ್ರ ತನ್ನ ಜಾಗವನ್ನು ಅವರಿಗೆ ಬಿಟ್ಟುಕೊಟ್ಟನೆಂದೂ, ಹಾಗೆ ‘ಕೊಟ್ಟ ಊರು’ ಕೊಟ್ಟೂರಾಯಿತೆಂದೂ ಭಕ್ತರು ಹೇಳುತ್ತಾರೆ. ಇದು ಭಾಷಾಶಾಸ್ತ್ರವಲ್ಲ, ನಂಬಿಕೆ. ಆದರೆ ಊರಿನ ಹೆಸರಿಗೆ ಜನ ಕಟ್ಟಿಕೊಂಡ ಅರ್ಥದಲ್ಲಿಯೇ ಒಂದು ದೈವ ಇನ್ನೊಂದಕ್ಕೆ ಜಾಗ ಮಾಡಿಕೊಟ್ಟ ಸೌಜನ್ಯವಿದೆ ಎಂಬುದು ಗಮನಾರ್ಹ.

ಕೊಟ್ಟೂರೇಶ್ವರರು ಒಬ್ಬರೇ ಅಲ್ಲ. ಈ ಸೀಮೆಯ ಜನ ನೆನೆಯುವ ಪಂಚಗಣಾಧೀಶ್ವರರಲ್ಲಿ ಅವರು ಒಬ್ಬರು. ಕೂಲಹಳ್ಳಿಯ ಮದ್ದಾನೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ಹರಪನಹಳ್ಳಿಯ ಕೆಂಪೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಉಳಿದ ನಾಲ್ವರು. ಇಲ್ಲಿ ಅರಸೀಕೆರೆ ಎಂದರೆ ಹಾಸನ ಜಿಲ್ಲೆಯದಲ್ಲ, ಹರಪನಹಳ್ಳಿ ತಾಲ್ಲೂಕಿನದು. ಐವರ ಹೆಸರುಗಳೂ ಮಕ್ಕಳ ಹೆಸರಾಗಿ ಇಳಿದಿವೆ. ನಾಯಕನಹಟ್ಟಿಯಿಂದ ಹೊರಟ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ ಎಂಬ ಹೆಸರುಗಳು ಚಳ್ಳಕೆರೆ, ಚಿತ್ರದುರ್ಗದ ಕಡೆ ತುಂಬಿಕೊಂಡಿವೆ. ಕೋಲಶಾಂತಪ್ಪ, ಮದ್ದಾನಪ್ಪ ಎಂಬ ಹೆಸರುಗಳು ಅಷ್ಟು ದೂರ ಹೋಗದೆ ತಮ್ಮ ಮಠದ ಸುತ್ತಲಿನ ಹಳ್ಳಿಗಳಲ್ಲಿಯೇ ಹೆಚ್ಚಾಗಿ ಉಳಿದುಕೊಂಡಿವೆ. ಕೊಟ್ರೇಶ ಇವೆರಡರ ನಡುವಿನವನು. ಸ್ವಂತ ಸೀಮೆಯಲ್ಲಿ ದಟ್ಟ, ಹೊರಗೆ ವಿರಳ.

ಈ ಭಾಗದ ದೈವಗಳೆಲ್ಲ ಹೀಗೆ ತಮ್ಮ ಸರಹದ್ದನ್ನು ಜನರ ಹೆಸರಿನಲ್ಲಿಯೇ ಗುರುತು ಮಾಡಿಕೊಂಡಿವೆ. ಹಡಗಲಿ ತಾಲ್ಲೂಕಿನ ಮೈಲಾರದ ಸುತ್ತ ಮೈಲಪ್ಪ, ಮೈಲಾರಪ್ಪ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಸುತ್ತ ಉಚ್ಚಂಗಪ್ಪ, ಉಚ್ಚಂಗೆಮ್ಮ. ಉಜ್ಜಿನಿಯ ಸುತ್ತ ಮರುಳಸಿದ್ಧಪ್ಪ. ಹೊಸಪೇಟೆಯತ್ತ ಸರಿದರೆ ಪಂಪಾಪತಿ, ಪಂಪಣ್ಣ; ತುಂಗಭದ್ರೆಯ ಆಚೆ ಹುಲಿಗಿಯ ಕಡೆ ಹುಲಿಗೆಮ್ಮ, ಹುಲಿಗೆಪ್ಪ. ಹಳ್ಳಿಯೊಂದರ ಮತದಾರರ ಪಟ್ಟಿಯನ್ನು ಕೈಗಿಟ್ಟರೆ, ಊರಿನ ಹೆಸರನ್ನು ಮುಚ್ಚಿಟ್ಟಿದ್ದರೂ ಅದು ಯಾವ ತೇರಿನ ಸೀಮೆಗೆ ಸೇರಿದ್ದೆಂದು ಬಲ್ಲವರು ಹೇಳಬಲ್ಲರು.

ಇದು ಕನ್ನಡ ನಾಡಿಗೆ ಮಾತ್ರ ಸೇರಿದ ಸಂಗತಿಯಲ್ಲ. ಇಟಲಿಯ ನೇಪಲ್ಸ್ ನಗರವನ್ನು ಕಾಯುವ ಸಂತನ ಹೆಸರು ಜೆನ್ನಾರೊ. ಅಲ್ಲಿ ಜೆನ್ನಾರೊ ಎಂದರೆ ನೇಪಲ್ಸಿನವನು ಎಂದೇ ಅರ್ಥ. ಸಿಸಿಲಿಯ ಕಟಾನಿಯಾದಲ್ಲಿ ಹೆಣ್ಣುಮಕ್ಕಳಿಗೆ ಆಗಾತಾ, ಪಲೆರ್ಮೊದಲ್ಲಿ ರೊಸಾಲಿಯಾ. ಅಲ್ಲಿಯೂ ಸಂತರ ಉತ್ಸವ, ಹರಕೆ, ಮೆರವಣಿಗೆ ಎಲ್ಲವೂ ಉಂಟು. ಆದರೆ ಒಂದು ದೊಡ್ಡ ವ್ಯತ್ಯಾಸ. 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆಯ ನಂತರ ಇಗರ್ಜಿಗಳು ನಾಮಕರಣ, ಮದುವೆಗಳ ದಾಖಲೆ ಇಡುವುದು ಕಡ್ಡಾಯವಾಯಿತು. ತಂದೆಯ ಹೆಸರು, ಊರಿನ ಹೆಸರು, ಕಸುಬಿನ ಹೆಸರು ಪುಸ್ತಕದಲ್ಲಿ ಬಿದ್ದು ಕ್ರಮೇಣ ಮನೆತನದ ಹೆಸರಾಗಿ ಗಟ್ಟಿಯಾದವು. ಜೆನ್ನಾರೊನ ಮಗ ‘ದಿ ಜೆನ್ನಾರೊ’ ಆದ. ಮೊಮ್ಮಗ, ಮರಿಮಗನೂ ‘ದಿ ಜೆನ್ನಾರೊ’ಗಳಾಗಿಯೇ ಉಳಿದರು.

ಈ ಐದು ತಾಲ್ಲೂಕುಗಳಲ್ಲಿ ಹಾಗಾಗಲಿಲ್ಲ. ಇಲ್ಲಿ ಹೆಸರು ತಲೆಮಾರು ದಾಟುವ ಕ್ರಮವೇ ಬೇರೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆ. ಕೊಟ್ರಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮತ್ತೆ ಕೊಟ್ರಪ್ಪ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿನಲ್ಲಿ ಹೆಸರು ಮರಳಿ ಮನೆಗೆ ಬರುತ್ತಿತ್ತು. ಇದರ ಜೊತೆಗೆ ಹರಕೆ. ಮಕ್ಕಳಾಗದವರು, ಹುಟ್ಟಿದ ಮಕ್ಕಳನ್ನು ಕಳೆದುಕೊಂಡವರು ಕೊಟ್ಟೂರಿಗೆ ಹೊತ್ತುಕೊಂಡು ಆ ಹೆಸರನ್ನೇ ಇಟ್ಟರು. ಹೀಗೆ ವಾಡಿಕೆಯೂ ಹರಕೆಯೂ ಸೇರಿ ಹೆಸರನ್ನು ಬೆಳೆಸಿದವು.

ಹಾಗಾದರೆ ಇಲ್ಲಿ ಮನೆತನದ ಹೆಸರುಗಳೇ ಇರಲಿಲ್ಲವೇ? ಧಾರಾಳವಾಗಿ ಇದ್ದವು, ಇವೆ. ಕುಂಬಾರ, ಬಡಿಗೇರ, ಕಮ್ಮಾರ, ಪೂಜಾರ, ತಳವಾರ, ಬಾರಿಕರ, ಅಂಗಡಿ, ಹಿರೇಮಠ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿ ನಾಡನ್ನೆಲ್ಲ ನಗಿಸಿದ ಬೀಚಿ ಅವರ ಪೂರ್ಣ ಹೆಸರು ರಾಯಸಂ ಭೀಮಸೇನರಾವ್. ರಾಯಸ ಎಂದರೆ ಅರಮನೆಯ ಪತ್ರ ಬರೆಯುವ ಕೆಲಸ. ಅರಮನೆ ಹೋದರೂ ಕೆಲಸದ ಹೆಸರು ಮನೆತನಕ್ಕೆ ಉಳಿಯಿತು. 1953ರಲ್ಲಿ ಕೊಟ್ಟೂರಿನಲ್ಲಿ ಹುಟ್ಟಿದ ಕಾದಂಬರಿಕಾರ ಕುಂ. ವೀರಭದ್ರಪ್ಪನವರ ‘ಕುಂ.’ ಎಂಬುದು ಕುಂಬಾರ.

ಆದರೆ ಈ ಹೆಸರುಗಳು ಬರೆಯುವಾಗ ಎಲ್ಲಿ ಕೂರುತ್ತವೆ ಎಂಬುದರಲ್ಲಿ ಒಂದು ಇತಿಹಾಸ ಅಡಗಿದೆ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇಲ್ಲಿನ ಕಲೆಕ್ಟರಾಗಿ ಬಂದು ರೈತವಾರಿ ಪದ್ಧತಿಯ ಮೇಲೆ ಕಂದಾಯ ನಿಗದಿ ಮಾಡಿದ. ಊರಿಗೊಂದು ಲೆಕ್ಕವಲ್ಲ, ರೈತನಿಗೊಂದು ಲೆಕ್ಕ. ಹಾಗಾಗಿ ಪ್ರತಿ ರೈತನ ಹೆಸರೂ ಕಾಗದಕ್ಕೆ ಇಳಿಯಬೇಕಾಯಿತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಈ ಭಾಗ ಮದರಾಸಿನ ಆಡಳಿತದಲ್ಲಿತ್ತು. ಮದರಾಸಿನ ಕ್ರಮದಂತೆ ಊರು, ಮನೆತನ, ತಂದೆಯ ಹೆಸರುಗಳು ಒಂದೊಂದು ಅಕ್ಷರವಾಗಿ ಮುಂದೆ ಕುಳಿತವು. ಸ್ವಂತ ಹೆಸರು ಕೊನೆಗೆ ಬಂತು. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಮುಂಡರಗಿ. ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಾಗಿತ್ತು. ಅಲ್ಲಿ ಮೊದಲು ಸ್ವಂತ ಹೆಸರು, ಆಮೇಲೆ ತಂದೆಯದು, ಕೊನೆಗೆ ಅಡ್ಡಹೆಸರು. ಬೀಗರಾದ ಎರಡು ಮನೆಗಳಲ್ಲಿ ಹೊಳೆಯ ಈಚೆಗಿನವನು ‘ಎ.ಬಿ. ಕೊಟ್ರೇಶ’ನಾದರೆ, ಆಚೆಗಿನವನು ‘ಕೊಟ್ರೇಶ ಬಸಪ್ಪ ಅಂಗಡಿ’. ಹೊಳೆಯ ಆಚೆ ಅಡ್ಡಹೆಸರು ಎದ್ದು ಕಾಣುತ್ತದೆ. ಈಚೆ ಅದು ಒಂದು ಅಕ್ಷರದೊಳಗೆ ಅಡಗಿಕೊಂಡಿದೆ.

ಅಡಗಿಕೊಂಡದ್ದರಿಂದ ಒಂದು ಉಪಕಾರವೂ ಆಯಿತು. ಮನೆತನದ ಹೆಸರು ಹೇಳಿದ ಕೂಡಲೇ ಬಹಳ ಸಲ ಜಾತಿ ತಿಳಿದುಬಿಡುತ್ತದೆ. ಕೊಟ್ರೇಶ ಎಂಬ ಹೆಸರು ಜಾತಿ ಹೇಳುವುದಿಲ್ಲ. ಲಿಂಗಾಯತರಲ್ಲಿ, ಕುರುಬರಲ್ಲಿ, ನಾಯಕರಲ್ಲಿ, ದಲಿತರಲ್ಲಿ, ತಾಂಡಾಗಳಲ್ಲಿ ಕೊಟ್ರೇಶರಿದ್ದಾರೆ. ಕೊಟ್ಟೂರಿನಲ್ಲಿ ಮಾಘ ಬಹುಳದಲ್ಲಿ ಮೂಲಾ ನಕ್ಷತ್ರ ಕೂಡಿದಾಗ ತೇರು ಎಳೆಯುವುದು ಸಂಪ್ರದಾಯ. ಅದಕ್ಕೆ ಮುನ್ನ ದಲಿತ ಮಹಿಳೆಯರು ಆರತಿ ಬೆಳಗಬೇಕು. ದೈವ ಎಲ್ಲರದೂ ಆದಾಗ ಹೆಸರೂ ಎಲ್ಲರದಾಗುತ್ತದೆ.

ಹಾಗೆಂದು ಜಾತಿ ಪೂರ್ತಿ ದೂರವಾಯಿತೆಂದು ತಿಳಿಯುವಂತಿಲ್ಲ. ಮುಂಬಾಗಿಲಲ್ಲಿ ತಡೆದರೆ ಅದು ಹಿತ್ತಲಿನಿಂದ ಬರುತ್ತದೆ. ಕೊಟ್ರಯ್ಯ ಎಂದರೆ ಜಂಗಮರಿರಬೇಕು, ಕೊಟ್ರಗೌಡ ಎಂದರೆ ಊರ ಗೌಡಿಕೆಯ ಮನೆಯವರಿರಬೇಕು ಎಂದು ಕೇಳಿದವರು ಊಹಿಸುತ್ತಾರೆ. ಸುರೇಶ, ಮಹೇಶರ ಕಾಲ ಬಂದಾಗ ಹೊಸ ಮಾದರಿಗೆ ಹೊಂದಿಕೊಂಡ ‘ಕೊಟ್ರೇಶ’ ಎಂಬ ರೂಪ ಈ ಬಾಲಗಳನ್ನೆಲ್ಲ ಕಳಚಿಹಾಕಿತು. ಹೆಸರಿನ ಚರಿತ್ರೆಯಲ್ಲಿ ಅದೊಂದು ಸಣ್ಣ ಬಿಡುಗಡೆ. ಕುಂ. ವೀರಭದ್ರಪ್ಪನವರು ಓದಿಗಾಗಿ ಹಂಬಲಿಸುವ ದಲಿತ ಹುಡುಗನ ಕಥೆ ಬರೆದಾಗ ಆ ಹುಡುಗನಿಗೆ ಕೊಟ್ರೇಶಿ ಎಂದೇ ಹೆಸರಿಟ್ಟರು. ನಾಗತಿಹಳ್ಳಿ ಚಂದ್ರಶೇಖರ ಅವರು ಅದನ್ನು ‘ಕೊಟ್ರೇಶಿ ಕನಸು’ ಎಂಬ ಚಲನಚಿತ್ರ ಮಾಡಿದರು. 1994ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಕನ್ನಡ ಚಿತ್ರವಾಯಿತು. ಕೊಟ್ರೇಶಿಯಾಗಿ ನಟಿಸಿದ ವಿಜಯ ರಾಘವೇಂದ್ರ ಬಾಲನಟ ಪ್ರಶಸ್ತಿ ಪಡೆದರು. ಐದು ತಾಲ್ಲೂಕುಗಳ ಹೆಸರು ರಾಜ್ಯದ ಕಿವಿಗೆ ಬಿದ್ದದ್ದು ಹೀಗೆ.

ಹೆಸರಿನ ಇನ್ನೊಂದು ಮುಖ ನೋವಿನದು. ಈ ಸೀಮೆಯಲ್ಲಿ ಬಸವಿ ಬಿಡುವ ಪದ್ಧತಿ, ಅಂದರೆ ದೇವದಾಸಿ ಪದ್ಧತಿ, ಆಳವಾಗಿ ಬೇರೂರಿತ್ತು. 1982ರ ಕಾಯ್ದೆ ಅದನ್ನು ನಿಷೇಧಿಸಿತು. ಆದರೆ ಆ ತಾಯಂದಿರ ಮಕ್ಕಳು ಶಾಲೆಗೆ ಹೋದಾಗ ‘ತಂದೆಯ ಹೆಸರು’ ಎಂಬ ಅಂಕಣ ಎದುರಾಯಿತು. ಎಷ್ಟೋ ಮಕ್ಕಳ ಹೆಸರಿನ ಮುಂದೆ ತಾಯಿಯ ಹೆಸರಿನ ಮೊದಲ ಅಕ್ಷರ ಬಂತು. ‘ಕೆ.’ ಎಂದರೆ ಕೊಟ್ರಪ್ಪನಲ್ಲ, ಕೊಟ್ರಮ್ಮ. ನೇಪಲ್ಸಿನಲ್ಲಿ ತೊಟ್ಟಿಲಲ್ಲಿ ಬಿಟ್ಟುಹೋದ ಶಿಶುಗಳಿಗೆ ‘ಎಸ್ಪೊಸಿಟೊ’ ಎಂದು ಹೆಸರಿಡುತ್ತಿದ್ದರು. ಹೊರಗೆ ಇಟ್ಟದ್ದು ಎಂದು ಅದರ ಅರ್ಥ. ಒಂದು ಪದ ಹುಟ್ಟಿನ ಗುಟ್ಟನ್ನು ತಲೆಮಾರುಗಳವರೆಗೆ ಸಾರುತ್ತ ಹೋಯಿತು. ಇಲ್ಲಿ ಒಂದೇ ಅಕ್ಷರ ಆ ಗುಟ್ಟನ್ನು ಮುಚ್ಚಿತು. ಮದರಾಸಿನ ಗುಮಾಸ್ತರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಕ್ರಮ ಮಗುವೊಂದರ ಮಾನ ಕಾಯುವ ಮರೆಯೂ ಆಯಿತು. ಎಲ್ಲ ಕಡೆ ಗಂಡಿನ ಹೆಸರೇ ಮುಂದುವರಿಯುವಾಗ ತಾಯಿಯ ಹೆಸರು ಮುಂದೆ ನಡೆದದ್ದು ಇಂಥ ಮನೆಗಳಲ್ಲಿಯೇ.

ಹೆಸರು ಹೊರಗೆ ಹೋದ ದಾರಿಗಳೂ ಊಹೆಗೆ ಎಟುಕುವಂಥವೇ. ಒಂದು, ಮಠದ ದಾರಿ. ಹೊಸಪೇಟೆ, ಬಳ್ಳಾರಿಗಳಲ್ಲಿ ಕೊಟ್ಟೂರುಸ್ವಾಮಿ ಮಠಗಳಿವೆ. ಇನ್ನೊಂದು, ದುಡಿಮೆಯ ದಾರಿ. ದಾವಣಗೆರೆಯ ಹತ್ತಿ ಗಿರಣಿಗಳು ಸುತ್ತಲಿನ ಹಳ್ಳಿಗಳ ಜನರನ್ನು ಕರೆದುಕೊಂಡವು. ಇಂದಿಗೂ ದಾವಣಗೆರೆಯಿಂದ ಕೊಟ್ಟೂರಿಗೆ ತೇರಿನ ಹೊತ್ತಿಗೆ ಭಕ್ತರು ಪಾದಯಾತ್ರೆ ಬರುತ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಗುಳೆ ಹೊರಟವರು ಮಂಡ್ಯದ ಕಬ್ಬಿನ ಗದ್ದೆಗೆ, ಮಲೆನಾಡಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರು. ಓದಿದವರು ನೌಕರಿಗೆ ಹೋದರು.

ಇತ್ತ ಸರ್ಕಾರದ ಗೆರೆಗಳು ಬದಲಾಗುತ್ತಲೇ ಇದ್ದವು. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು. ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರು 2018ರಲ್ಲಿ ತಾನೇ ತಾಲ್ಲೂಕಾಯಿತು. 2021ರಲ್ಲಿ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಬಂದವು. ಕಚೇರಿಗಳು ಇಷ್ಟು ತಡವಾಗಿ ಒಂದುಗೂಡಿಸಿದ ಸೀಮೆಯನ್ನು ಕೊಟ್ರೇಶ ಎಂಬ ಹೆಸರು ಯಾವಾಗಲೋ ಒಂದುಗೂಡಿಸಿತ್ತು.

ಈಗ ಉಳಿದದ್ದು ಮುಂದಿನ ಪ್ರಶ್ನೆ. ಮಕ್ಕಳಿಗೆ ಕೊಟ್ರೇಶ ಎಂದು ಹೆಸರಿಡುವ ತಂದೆತಾಯಿ ಇಂದು ಕಡಿಮೆಯಾಗುತ್ತಿದ್ದಾರೆ. ಹೆಸರು ಹಳೆಯದೆನಿಸುತ್ತದೆ, ಹಳ್ಳಿಯದೆನಿಸುತ್ತದೆ. ತೊಟ್ಟಿಲಿಗೆ ಹಾಕುವಾಗ ಹರಕೆಯ ಹೆಸರನ್ನು ಕಿವಿಯಲ್ಲಿ ಉಸುರಿ, ಶಾಲೆಗೆ ಬೇರೆ ಹೆಸರು ಬರೆಸುವುದೂ ನಡೆದಿದೆ. ಇನ್ನೊಂದು ಕಡೆ, ಪಾಸ್‌ಪೋರ್ಟ್ ಅರ್ಜಿ ಅಡ್ಡಹೆಸರನ್ನು ಕೇಳುತ್ತದೆ. ಅಡ್ಡಹೆಸರಿನ ರೂಢಿ ತಪ್ಪಿದವರು ಆ ಜಾಗದಲ್ಲಿ ತಂದೆಯ ಹೆಸರು ಬರೆಯುತ್ತಾರೆ. ಹೀಗೆ ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಬೆಳೆಯುವ ಮಗುವಿನ ಹೆಸರಿನ ಕೊನೆಗೆ ಕೊಟ್ರೇಶ್ ಬಂದು ಕೂರುತ್ತಾನೆ. ಜೆನ್ನಾರೊನಿಗೆ ಇಟಲಿಯಲ್ಲಿ ಶತಮಾನಗಳ ಹಿಂದೆ ಆದದ್ದು ಕೊಟ್ರೇಶನಿಗೆ ಈಗ ಆಗುತ್ತಿದೆ. ಮೊದಲ ಹೆಸರಾಗಿ ಕಳೆದುಹೋಗುತ್ತಿರುವುದು ಕೊನೆಯ ಹೆಸರಾಗಿ ಉಳಿಯುತ್ತಿದೆ.

ಆದರೆ ಅದು ಒಂದು ತಲೆಮಾರಿನ ಮಾತು. ಆ ಮಗು ಬೆಳೆದು ತನ್ನ ಮಗುವಿಗೆ ಮತ್ತೆ ತನ್ನ ಮೊದಲ ಹೆಸರನ್ನೇ ಕೊನೆಗೆ ಜೋಡಿಸಿದರೆ ಕೊಟ್ರೇಶ ಅಲ್ಲಿಗೆ ಮುಗಿದ. ಉಳಿಸಬೇಕೇ ಬೇಡವೇ ಎಂಬುದು ಆಯಾ ಮನೆಯವರಿಗೆ ಬಿಟ್ಟ ವಿಚಾರ; ಹೆಸರನ್ನು ಯಾರ ಮೇಲೂ ಹೊರಿಸಲಾಗದು. ಇಷ್ಟು ಮಾತ್ರ ನಿಜ. ಜಾತಿ ಕೇಳುವ ನಾಡಿನಲ್ಲಿ ಜಾತಿಯ ಬದಲು ಊರು ಹೇಳುವ ಹೆಸರುಗಳು ಬಹಳಿಲ್ಲ. ಇದ್ದ ಒಂದನ್ನು ಬಿಡುವ ಮುನ್ನ, ಅದು ಏನನ್ನು ಹೊತ್ತು ತಂದಿತ್ತು ಎಂಬುದನ್ನು ಮಕ್ಕಳಿಗೆ ಹೇಳಿಯಾದರೂ ಬಿಡಬೇಕು.