ತೂಕ ನೋಡಿದ ಮೇಲೆ ಏನು?



ಅಭಿವೃದ್ಧಿಶೀಲ ದೇಶಗಳ ಪೌಷ್ಟಿಕಾಹಾರ ಯೋಜನೆಗಳ ಬಗ್ಗೆ ನಡೆಯುವ ಈ ವಿಚಾರ ಸಂಕಿರಣದ ಮುಂದೆ ನಾನು ಒಂದೇ ಪ್ರಶ್ನೆ ಇಡುತ್ತೇನೆ. ಮಗುವಿನ ತೂಕ ನೋಡಿ, ಪಟ್ಟಿಯಲ್ಲಿ ಗುರುತು ಹಾಕಿದ ಮೇಲೆ ನಾವು ಏನು ಮಾಡುತ್ತೇವೆ?

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮ ಟಿ. ನರಸೀಪುರ ಅವುಗಳಲ್ಲಿ ಒಂದು. ಇಂದು ಅಂಗನವಾಡಿ ಇಲ್ಲದ ಊರು ಸಿಗುವುದು ಕಷ್ಟ. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 36.2 ಇತ್ತು. ಮಕ್ಕಳ ರಕ್ತಹೀನತೆಯಂತೂ ಶೇ. 60.9ರಿಂದ 65.5ಕ್ಕೆ ಏರಿತು.

ಇದಕ್ಕೆ ದೊಡ್ಡ ಕಾರಣ ಕಾಲ ತಪ್ಪಿ ತಲುಪುವ ನೆರವು. ಬೆಳವಣಿಗೆ ಹೆಚ್ಚಾಗಿ ಕುಂಠಿತವಾಗುವುದು ತಾಯಿಯ ಗರ್ಭದಿಂದ ಎರಡು ವರ್ಷ ತುಂಬುವುದರೊಳಗೆ. ಅಂಗನವಾಡಿಯಲ್ಲಿ ಕೂತು ಉಣ್ಣುವವರು ಮೂರು ದಾಟಿದ ಮಕ್ಕಳು. ಮೇಲಾಹಾರ ಶುರುವಾಗಬೇಕಾದ ಆರು ತಿಂಗಳ ಕೂಸು ಮನೆಯಲ್ಲೇ ಇರುತ್ತದೆ. ತಾಯಿ ಕೂಲಿಗೆ ಹೋದರೆ ಅಜ್ಜಿಯೋ ಅಕ್ಕನೋ ನೋಡಿಕೊಳ್ಳುತ್ತಾರೆ. ಮನೆಗೆ ಕೊಟ್ಟ ಪುಷ್ಟಿ ಹಿಟ್ಟು ಎಲ್ಲರಿಗೂ ಹಂಚಿಹೋಗುತ್ತದೆ.

ಬೇರೆ ದಾರಿ ಇರುವುದು ನಮ್ಮ ನೆರೆಯಲ್ಲೇ ಕಂಡಿದೆ. 1980ರಲ್ಲಿ ತಮಿಳುನಾಡು ವಿಶ್ವಬ್ಯಾಂಕಿನ ನೆರವಿನಿಂದ ಒಂದು ಸಮಗ್ರ ಪೌಷ್ಟಿಕತಾ ಯೋಜನೆ ಆರಂಭಿಸಿತು. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳನ್ನು ತಿಂಗಳು ತಿಂಗಳು ತೂಗಿದರು. ತೂಕ ಏರದ ಮಗುವಿಗೆ ಪೂರಕ ಆಹಾರ ಶುರುವಾಗುತ್ತಿತ್ತು. ಸಾಮಾನ್ಯವಾಗಿ 90 ದಿನ ಕೊಟ್ಟು, ಮಗು ಚೇತರಿಸಿಕೊಂಡರೆ ನಿಲ್ಲಿಸುತ್ತಿದ್ದರು. ಚೇತರಿಸಿಕೊಳ್ಳದಿದ್ದರೆ ಆರೋಗ್ಯ ಕಾರ್ಯಕರ್ತೆ ನೋಡಬೇಕಿತ್ತು. ಹೀಗೆ ತಕ್ಕಡಿಯ ಅಂಕಿ ಒಂದು ನಿರ್ಧಾರವಾಯಿತು. ಮಗು ಏಕೆ ಸೊರಗಿತು ಎಂಬ ಮಾತು ತಾಯಿಯೊಂದಿಗೆ ಅಲ್ಲೇ ಶುರುವಾಯಿತು. ಸಾಧಾರಣ ಅಪೌಷ್ಟಿಕತೆಯನ್ನು ಇಳಿಸುವುದು ಅಲ್ಲೂ ಕಷ್ಟವಾಯಿತು, ತೀವ್ರ ಅಪೌಷ್ಟಿಕತೆ ಮಾತ್ರ ಗಮನಾರ್ಹವಾಗಿ ತಗ್ಗಿತು.

ತೂಕ ನೋಡಿ ಕ್ರಮ ಕೈಗೊಳ್ಳುವ ಈ ಕೆಲಸವನ್ನು ಥಾಯ್ಲೆಂಡ್ ದೇಶದ ಮಟ್ಟದಲ್ಲಿ ಮಾಡಿತು. 1980ರ ದಶಕದ ಆರಂಭದಲ್ಲಿ ಅಲ್ಲಿನ ಚಿಕ್ಕ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ತೂಕ ಕಡಿಮೆ ಇತ್ತು. ಹತ್ತು ವರ್ಷದಲ್ಲಿ ಅದು ಐದನೇ ಒಂದು ಪಾಲಿನ ಆಸುಪಾಸಿಗೆ ಇಳಿಯಿತು. ಸುಮಾರು ಹತ್ತು ಮನೆಗೆ ಒಬ್ಬರಂತೆ ಊರಿನ ಸ್ವಯಂಸೇವಕರು ನಿಂತರು. ತೂಕದ ಲೆಕ್ಕವನ್ನು ಊರವರೇ ನೋಡಿ, ಕುಡಿಯುವ ನೀರು, ಶೌಚಾಲಯ, ಕೈತೋಟಗಳ ಕೆಲಸವನ್ನೂ ಅದರೊಂದಿಗೆ ಸೇರಿಸಿದರು. ಅದೇ ಕಾಲದ ಆರ್ಥಿಕ ಏಳಿಗೆಯೂ ಕೈ ಜೋಡಿಸಿತು, ನಿಜ. ಆ ಏಳಿಗೆ ಬಡ ಹಳ್ಳಿಯ ಕೂಸಿನವರೆಗೆ ಹರಿಯುವಂತೆ ಕಾಲುವೆ ತೋಡಿದವರು ಈ ಸ್ವಯಂಸೇವಕರು.

ಈ ಎರಡೂ ಕಡೆ ಮನೆ ಮನೆಗೆ ಹೋಗಲು ಒಬ್ಬರಿಗೆ ಸಮಯವಿತ್ತು. ನಮ್ಮ ಅಂಗನವಾಡಿ ಕಾರ್ಯಕರ್ತೆ ಮಕ್ಕಳಿಗೆ ಕಲಿಸಬೇಕು, ದಾಸ್ತಾನು ಬರೆಯಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಾಹಿತಿ ತುಂಬಬೇಕು, ಸಮೀಕ್ಷೆಗೂ ಚುನಾವಣೆಗೂ ಓಡಬೇಕು. ಇಷ್ಟೆಲ್ಲ ಹೇರಿ, ಗೌರವಧನವೆಂಬ ಹೆಸರಲ್ಲಿ ಅಲ್ಪ ಹಣ ಕೊಟ್ಟು, ಫಲಿತಾಂಶ ಬರಲಿಲ್ಲವೆಂದು ಅವರನ್ನೇ ದೂರುವುದು ಅನ್ಯಾಯ.

ಆದ್ದರಿಂದ ಈ ಗೋಷ್ಠಿಗಳಿಂದ ನಾನು ಮೂರು ಉತ್ತರ ಬಯಸುತ್ತೇನೆ. ಎರಡು ವರ್ಷದೊಳಗಿನ ಮಕ್ಕಳ ಮನೆಭೇಟಿಗೆಂದೇ ಪ್ರತ್ಯೇಕ ಕಾರ್ಯಕರ್ತೆಯನ್ನು ಹೇಗೆ ನೇಮಿಸುವುದು? ಎರಡು ತಿಂಗಳು ತೂಕ ಏರದ ಮಗುವಿಗೆ ಯಾರು, ಎಷ್ಟು ದಿನದೊಳಗೆ, ಏನು ಮಾಡಬೇಕು? ಅಂಗನವಾಡಿ ಮೇಲ್ವಿಚಾರಕಿ ಕಡತ ನೋಡುವ ವೇಳೆಯನ್ನು ಕಲಿಸುವ ವೇಳೆಯಾಗಿ ಬದಲಿಸುವುದು ಹೇಗೆ?

ಈ ಉತ್ತರಗಳನ್ನು ಕೊಡಬಲ್ಲ ಅನುಭವ ಇಲ್ಲಿ ಕೂತಿರುವ ಕಾರ್ಯಕರ್ತೆಯರಲ್ಲಿದೆ. ಪ್ರತಿ ಗೋಷ್ಠಿಯಲ್ಲೂ ಮೊದಲ ಮಾತು ಅವರದಾಗಲಿ. ತಜ್ಞರು, ಅಧಿಕಾರಿಗಳು ಅದನ್ನು ಕೇಳಿ ತಮ್ಮ ಮಾತು ಸೇರಿಸಲಿ. ಹಾಗೆ ಮೂಡುವ ನಿರ್ಣಯಕ್ಕೆ ಹಣ, ಹುದ್ದೆ, ಗಡುವು ಮೂರನ್ನೂ ನಮೂದಿಸಿ ಸರ್ಕಾರಕ್ಕೆ ಸಲ್ಲಿಸೋಣ ಎಂದು ಕೋರುತ್ತೇನೆ.