ದಾನದಿಂದ ಹಕ್ಕಿನ ಕಡೆಗೆ: ಮುಂಬಯಿಯ ಸೋಷಿಯಲ್ ಸರ್ವಿಸ್ ಲೀಗ್
(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಧರ್ಮಾರ್ಥ ಸಂಸ್ಥೆ ಎಂದೊಡನೆ ನಮ್ಮಲ್ಲಿ ಕೆಲವರು ಕೈಮುಗಿಯುತ್ತಾರೆ. ಇನ್ನು ಕೆಲವರು, ಅದರಲ್ಲೂ ನಮ್ಮ ಪಕ್ಷದ ತರುಣರು, ಅದು ಮಾಲೀಕರು ಪಾಪ ತೊಳೆದುಕೊಳ್ಳುವ ಹೊಂಡವೆಂದು ನಗುತ್ತಾರೆ. ಈ ಎರಡು ಮಾತಿಗೂ ಒಗ್ಗದ ಒಂದು ಸಂಸ್ಥೆಯ ಚರಿತ್ರೆಯನ್ನು ಇಂದು ಹೇಳುತ್ತೇನೆ.

1911ರಲ್ಲಿ ಮುಂಬಯಿಯಲ್ಲಿ ಸೋಷಿಯಲ್ ಸರ್ವಿಸ್ ಲೀಗ್ ಹುಟ್ಟಿತು. ಅದರ ಜೀವಾಳವಾಗಿದ್ದವರು ನಾರಾಯಣ ಮಲ್ಹಾರ ಜೋಶಿಯವರು. ಶಾಲಾ ಮಾಸ್ತರಿಕೆ ಮಾಡಿದವರು, 1909ರಲ್ಲಿ ಗೋಖಲೆಯವರ ಭಾರತ ಸೇವಕ ಸಮಾಜಕ್ಕೆ ಸೇರಿದವರು. ಗಿರಣಿಗಳ ನೆರಳಿನಲ್ಲಿದ್ದ ಚಾಳುಗಳಲ್ಲಿ ಲೀಗು ರಾತ್ರಿ ಶಾಲೆ ತೆರೆಯಿತು, ವಾಚನಾಲಯ ಇಟ್ಟಿತು, ಔಷಧಾಲಯ, ಶಿಶುಗೃಹ, ಸಹಕಾರಿ ಸಂಘಗಳನ್ನು ನಡೆಸಿತು. ಪೋಲೀಸ್ ಕೋರ್ಟಿಗೆ ಎಳೆಯಲ್ಪಟ್ಟ ಅಕ್ಷರವರಿಯದ ಬಡವನ ಪರವಾಗಿ ಎರಡು ಮಾತಾಡಲು ಒಬ್ಬ ಮನುಷ್ಯನನ್ನೂ ಒದಗಿಸಿತು. ಕೋರ್ಟಿನ ಕಟ್ಟೆ ಹತ್ತಿದವರಿಗೆ ಇದರ ಬೆಲೆ ಗೊತ್ತು.

ಹಣ ಎಲ್ಲಿಂದ ಬಂತು? ಮುಚ್ಚಿಡುವುದೇಕೆ, ಒಂದಷ್ಟು ಉಳ್ಳವರ ಕೈಯಿಂದಲೇ ಬಂತು. ಪರೇಲಿನಲ್ಲಿ 1922ರಲ್ಲಿ ಎದ್ದ ಲೀಗಿನ ದಾಮೋದರ ಹಾಲ್ ಹೊತ್ತ ಹೆಸರು ಗಿರಣಿ ಮಾಲೀಕರಾದ ಠಾಕರಸೀ ಮನೆತನದ್ದು. ಆದರೆ ಅಲ್ಲಿ ಕಾರ್ಮಿಕರೇ ಬಣ್ಣ ಹಚ್ಚಿ ನಾಟಕ ಆಡಿದರು. ಗೋಡೆಯ ಮೇಲಿನ ಹೆಸರನ್ನು ನೋಡಿ ಬಾಯಿ ಮುಚ್ಚಿಕೊಂಡು ಕೂರಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. 1921-22ರಲ್ಲಿ ಮುಂಬಯಿ ಸರಕಾರದ ಕಾರ್ಮಿಕ ಕಚೇರಿ ದುಡಿಯುವವರ ಮನೆಯ ಖರ್ಚುವೆಚ್ಚದ ಲೆಕ್ಕ ತೆಗೆಯಿತು. ನೂರಕ್ಕೆ 97 ಕುಟುಂಬಗಳು ಒಂದೇ ಕೋಣೆಯಲ್ಲಿ. ನೂರಕ್ಕೆ 47 ಕುಟುಂಬಗಳು ಸಾಲದಲ್ಲಿ. ಸಾಮಾನ್ಯ ಬಡ್ಡಿ ರೂಪಾಯಿಗೆ ತಿಂಗಳಿಗೆ ಒಂದಾಣೆ, ಅಂದರೆ ವರುಷಕ್ಕೆ ನೂರಕ್ಕೆ 75! ಕುಡಿತದಿಂದ ಸಾಲ, ಮದುವೆಯ ದುಂದಿನಿಂದ ಸಾಲ ಎಂದು ದೊಡ್ಡವರು ಉಪದೇಶಿಸುತ್ತಿದ್ದರು. ಅದರಲ್ಲಿ ಸುಳ್ಳಿಲ್ಲದಿರಬಹುದು. ಆದರೆ ಗಿರಣಿಯವರು ಒಂದು ತಿಂಗಳು ದುಡಿಸಿಕೊಂಡು, ಪಗಾರವನ್ನು ಮುಂದಿನ ತಿಂಗಳ ನಡುವಿನವರೆಗೂ ತಡೆಹಿಡಿಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವನು ಆ ಆರು ವಾರ ಏನು ತಿನ್ನಬೇಕು? ಅಂಗಡಿಯಲ್ಲಿ ಉದ್ರಿ ಹೇಳಬೇಕು. ಇಲ್ಲಿ ಕುಳಿತಿರುವ ಕಿರಾಣಿ ಅಂಗಡಿಯ ಅಣ್ಣಂದಿರೇ, ನಿಮ್ಮ ಬಂಡವಾಳವೂ ಗಿರಣಿಯ ತಿಜೋರಿಯಲ್ಲೇ ಸಿಕ್ಕಿಬಿದ್ದಿತ್ತೆಂಬುದನ್ನು ಗಮನಿಸಿರಿ. ಬಡ್ಡಿಯಿಲ್ಲದೆ ಮಾಲೀಕನಿಗೆ ಸಾಲ ಕೊಟ್ಟವರು ಕೂಲಿಕಾರ ಮತ್ತು ಅವನ ಅಂಗಡಿಕಾರ.

ಸಹಕಾರಿ ಸಂಘ ಈ ಗಾಯಕ್ಕೆ ಎಣ್ಣೆ ಹಚ್ಚಬಲ್ಲದು, ಮುಳ್ಳು ಕೀಳಲಾರದು. ಮುಳ್ಳು ಕಿತ್ತದ್ದು ಕಾನೂನು. ಜೋಶಿಯವರೂ ಸದಸ್ಯರಾಗಿದ್ದ ರಾಯಲ್ ಕಾರ್ಮಿಕ ಆಯೋಗ 1931ರಲ್ಲಿ ವರದಿ ಕೊಟ್ಟಿತು. 1936ರ ವೇತನ ಪಾವತಿ ಕಾಯಿದೆ, ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ 7ನೆಯ ದಿನದೊಳಗೆ, ಮಿಕ್ಕ ಕಡೆ 10ನೆಯ ದಿನದೊಳಗೆ ಪಗಾರ ಕೊಡಲೇಬೇಕೆಂದು ಕಟ್ಟುಮಾಡಿತು.

ಬಾಣಂತಿಯರ ವಿಷಯ ಇನ್ನೂ ಕಠಿಣ. ಹೆರಿಗೆಯಾದ ಹೆಣ್ಣುಮಗಳು ಕೂಲಿ ತಪ್ಪೀತೆಂದು ಬೇಗನೆ ಗಿರಣಿಗೆ ಓಡಬೇಕು. ಕೂಸು ಅಳದೆ ಮಲಗಿರಲೆಂದು ಅಫೀಮಿನ ಗುಳಿಗೆ! ತಾಯಿಯ ಅಜ್ಞಾನವೆಂದು ಬೈದವರು ಬಹಳ. ಅವಳಿಗೆ ನಾಲ್ಕು ವಾರ ಮನೆಯಲ್ಲಿ ಕೂರುವ ಅನುಕೂಲವಿತ್ತೇ ಎಂದು ಕೇಳಿದವರು ಕಡಿಮೆ. ಲೀಗಿನ ಶಿಶುಗೃಹ ಎಷ್ಟು ಕೂಸುಗಳನ್ನು ತೂಗೀತು? ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ತಂದರು; ಮರುವರುಷ ಅದು ಸೋತಿತು. 1928ರಲ್ಲಿ ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ ಅಂಥದೇ ಮಸೂದೆ ಬಂದಾಗ ಡಾಕ್ಟರ್ ಅಂಬೇಡಕರರು ಅದನ್ನು ಎತ್ತಿಹಿಡಿದು ಮಾತಾಡಿದರು. 1929ರಲ್ಲಿ ಅದು ಕಾಯಿದೆಯಾಯಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1937ರಲ್ಲಿ, ಇಡೀ ದೇಶಕ್ಕೆ ಅನ್ವಯಿಸುವಂತೆ 1961ರಲ್ಲಿ ಕಾಯಿದೆಗಳಾದವು. ಸೋತ ಮಸೂದೆ ಸತ್ತ ಮಸೂದೆಯಲ್ಲ.

ರಾತ್ರಿ ಶಾಲೆ ನಡೆಸುತ್ತಿದ್ದ ಇದೇ ಮನುಷ್ಯ 1920ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸನ್ನು ಕಟ್ಟಿದವರಲ್ಲೊಬ್ಬರಾದರು. 1925ರಲ್ಲಿ ಮಾಲೀಕರು ಕೂಲಿಯನ್ನು ನೂರಕ್ಕೆ ಹನ್ನೊಂದೂವರೆಯಷ್ಟು ಕತ್ತರಿಸಹೋದಾಗ ಮುಷ್ಕರ ನಡೆದು, ಕಡಿತ ರದ್ದಾಯಿತು. ಅದರ ಬೆನ್ನಿಗೇ 1926ರಲ್ಲಿ ಜೋಶಿಯವರ ನೇತೃತ್ವದಲ್ಲಿ ಮುಂಬಯಿ ಜವಳಿ ಕಾರ್ಮಿಕರ ಯೂನಿಯನ್ ಎದ್ದಿತು. ಅವರ ಎಲ್ಲ ಹೆಜ್ಜೆಗಳನ್ನೂ ನಾವು ಮೆಚ್ಚಬೇಕಾಗಿಲ್ಲ. ಮಾಲೀಕರೊಡನೆ ಮಾತುಕತೆಯಲ್ಲಿ ಅವರಿಗಿದ್ದ ನಂಬಿಕೆ ನನಗೆ ಅತಿಯೆನಿಸುತ್ತದೆ. 1929ರಲ್ಲಿ ಅವರು ಕಾಂಗ್ರೆಸ್ಸಿನಿಂದ ಹೊರನಡೆದು ಬೇರೆ ಒಕ್ಕೂಟ ಮಾಡಿದ್ದರಿಂದ ಕಾರ್ಮಿಕರ ಬಲ ಒಡೆಯಿತು. ಆದರೆ ಮನೆಯೊಳಗಿನ ಕಷ್ಟವನ್ನು ಕಣ್ಣಾರೆ ಕಂಡು ಶಾಸನಸಭೆಗೆ ಹೋದವರಾದ್ದರಿಂದ ಅವರ ಮಾತಿಗೆ ತೂಕವಿತ್ತು.

ನಮ್ಮ ಊರಿನಲ್ಲಿಯೂ ಮಾಡಬಹುದಾದ ಒಂದು ಕೆಲಸವಿದೆ. ಗುತ್ತಿಗೆದಾರನ ಕೈಕೆಳಗೆ ದುಡಿಯುವವರಿಗೆ ಪಗಾರ ಯಾವ ತಾರೀಖಿಗೆ ಕೈಗೆ ಬರುತ್ತದೆ, ಯಾವ ಬಾಣಂತಿಗೆ ಭತ್ಯೆ ಸಿಕ್ಕಿಲ್ಲ ಎಂಬುದನ್ನು ಓಣಿ ಓಣಿಗೆ ಹೋಗಿ ಒಂದು ವಹಿಯಲ್ಲಿ ಬರೆಯೋಣ. ಅಂಗಡಿಕಾರ ಬಂಧುಗಳು ಗಿರಾಕಿಗಳ ಹೆಸರು ಹೇಳುವುದು ಬೇಡ. ಪ್ರತಿ ತಿಂಗಳು ಯಾವ ತಾರೀಖಿಗೆ ಉದ್ರಿ ಏರುತ್ತದೆ, ಯಾವ ತಾರೀಖಿಗೆ ಇಳಿಯುತ್ತದೆ, ಅಷ್ಟನ್ನು ತಮ್ಮ ಲೆಕ್ಕದಿಂದ ತೆಗೆದುಕೊಟ್ಟರೆ ಸಾಕು.