ಹಳೆಯ ಕಾರು ಕೊಳ್ಳುವ ಮುನ್ನ

ನಮ್ಮ ಕಡೆಯ ರೈತರು ಎತ್ತು ಕೊಳ್ಳುವ ರೀತಿಯನ್ನು ನೀವು ನೋಡಿರಬಹುದು. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆಯಲ್ಲಾಗಲಿ, ಪಾಂಡವಪುರದ ಕಡೆಯ ಬೇಬಿ ಬೆಟ್ಟದ ಜಾತ್ರೆಯಲ್ಲಾಗಲಿ, ಹಳ್ಳಿಕಾರ್ ಜೋಡಿಯ ಮುಂದೆ ನಿಂತ ರೈತ ಕೊಂಬಿನ ಬಣ್ಣ ನೋಡಿ ಬೆಲೆ ಕಟ್ಟುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಮೈಮೇಲಿನ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಯಾರ ಕೊಟ್ಟಿಗೆಯಿಂದ ಬಂದದ್ದೆಂದು ವಿಚಾರಿಸುತ್ತಾನೆ. ಆದರೆ ಅದೇ ರೈತನ ಮಗ ಹಳೆಯ ಕಾರು ಕೊಳ್ಳಲು ಹೋದಾಗ ಹೊಳೆಯುವ ಬಣ್ಣಕ್ಕೂ ಹೊಸ ಸೀಟು ಕವರಿಗೂ ಮರುಳಾಗುವುದುಂಟು. ತಲೆಮಾರುಗಳಿಂದ ಬಂದ ಆ ವಿವೇಕವನ್ನು ಕಾರಿಗೂ ಅನ್ವಯಿಸುವುದು ಹೇಗೆ ಎಂಬುದೇ ಈ ಭಾಷಣದ ವಿಷಯ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಂಥ ಊರುಗಳಲ್ಲಿ ಕಾರು ಈಗ ಭೋಗದ ವಸ್ತುವಾಗಿ ಉಳಿದಿಲ್ಲ. ನಡುರಾತ್ರಿ ವಯಸ್ಸಾದ ತಾಯಿಯನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದವರಿಗೆ ಬಸ್ಸಿನ ವೇಳೆ ಕಾಯಲಾಗದು. ಹಾಗೆಂದು ಎಲ್ಲರಿಗೂ ಹೊಸ ಕಾರಿನ ಶಕ್ತಿಯಿಲ್ಲ. ಸಂಬಳದಲ್ಲಿ ಉಳಿಸಿದ ಹಣವೋ, ಕಬ್ಬಿನ ಬಾಬ್ತು ಬಂದ ಹಣವೋ, ಎರಡು ಲಕ್ಷ ಕೂಡಿದ್ದರೆ ಅದೇ ದೊಡ್ಡದು. ಆ ಹಣ ಒಮ್ಮೆ ಕೈಜಾರಿದರೆ ಮತ್ತೆ ಕೂಡಿಸಲು ವರ್ಷಗಳು ಬೇಕು. ಆದುದರಿಂದಲೇ ಇಲ್ಲಿ ಅವಸರ ಸಲ್ಲದು.

ಮೊದಲು ಲೆಕ್ಕ. ಎರಡು ಲಕ್ಷವಿದ್ದವರು ಎರಡು ಲಕ್ಷದ ಕಾರನ್ನು ನೋಡಲೇಬಾರದು. ಐದರಲ್ಲಿ ಒಂದು ಪಾಲನ್ನು, ಎಂದರೆ ನಲವತ್ತು ಸಾವಿರವನ್ನು, ಮೊದಲೇ ಎತ್ತಿಟ್ಟುಬಿಡಿ. ಹೆಸರು ಬದಲಾವಣೆ, ವಿಮೆ, ಬ್ಯಾಟರಿ, ಸವೆದ ಟೈರು, ಕ್ಲಚ್ಚು, ಎಣ್ಣೆ ಬದಲಾವಣೆ ಇವೆಲ್ಲ ಮೊದಲ ವರ್ಷವೇ ಬಾಗಿಲು ತಟ್ಟುವ ನೆಂಟರು. ವಿಮೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪರಿಹಾರ ಕೇಳದೆ ವರ್ಷಗಳನ್ನು ಕಳೆದುದಕ್ಕಾಗಿ ದೊರೆಯುವ ರಿಯಾಯಿತಿ ಕಾರಿಗೆ ಸೇರಿದುದಲ್ಲ, ಮಾರುವವರಿಗೆ ಸೇರಿದುದು. ಆದ್ದರಿಂದ ಅವರು ಕಟ್ಟುತ್ತಿದ್ದ ಕಂತಿಗಿಂತ ನಿಮ್ಮ ಕಂತು ಹೆಚ್ಚಾದೀತು.

ಎಂಥ ಕಾರು? ಕೆ.ಆರ್. ಪೇಟೆಯ ಬೀದಿಯಲ್ಲೇ ಬಿಡಿಭಾಗ ಸಿಗುವಂಥದು, ಊರಿನ ಗ್ಯಾರೇಜಿನವರಿಗೆ ಕೈವಾಡವಿರುವಂಥದು. ಆಲ್ಟೊ, ವ್ಯಾಗನ್ ಆರ್ ಮುಂತಾದ ಸಣ್ಣ ಪೆಟ್ರೋಲ್ ಕಾರುಗಳಿಗೆ ನಮ್ಮ ಕಡೆ ಬೇಡಿಕೆಯಿರುವುದು ಈ ಕಾರಣದಿಂದಲೇ. ಅದೇ ಬೆಲೆಗೆ ದೊಡ್ಡ ಡೀಸೆಲ್ ಕಾರೊಂದು ಸಿಕ್ಕಿತೆಂದು ಹಿಗ್ಗಬೇಡಿ. ಕೊಳ್ಳುವುದು ಸುಲಭ, ಸಾಕುವುದು ಆನೆಯನ್ನು ಸಾಕಿದಂತೆ. ಷೆವರ್ಲೆ ಕಾರುಗಳ ಮಾರಾಟ ನಮ್ಮ ದೇಶದಲ್ಲಿ 2017ರ ಕೊನೆಗೆ ನಿಂತಿತು. ಫೋರ್ಡ್ ಕಂಪನಿ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಸಾರಿತು. ಅಂಥ ಕಾರುಗಳು ಅಗ್ಗವಾಗಿ ಬರುತ್ತವೆ. ಅಗ್ಗವೇಕೆಂಬುದನ್ನು ತಿಳಿದು ಕೊಳ್ಳುವವರು ಕೊಳ್ಳಲಿ.

ವಯಸ್ಸನ್ನೂ ನೋಡಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಗಳಿಗೆ ಮಾತ್ರ. ಅನಂತರ ಕಾರನ್ನು ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿಸಲಾಯಿತು. ಹದಿನಾಲ್ಕು ವರ್ಷದ ಕಾರು ಅಗ್ಗವೆನಿಸಿದರೂ ಮರುವರ್ಷವೇ ಈ ಖರ್ಚು ನಿಮ್ಮ ಹೆಗಲೇರುವುದು.

ಇನ್ನು ಕಾಗದಪತ್ರ. ನೋಂದಣಿ ಪತ್ರ, ಅಂದರೆ ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲೆ ಕೊರೆದ ಸಂಖ್ಯೆಗಳೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಕಾರಿನ ಮೇಲೆ ಸಾಲವಿತ್ತೇ, ತೀರಿತೇ ಕೇಳಿ. ತೀರಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಇರಬೇಕು. ಕೆಎ 11 ಮಂಡ್ಯದ್ದು, ಕೆಎ 54 ನಾಗಮಂಗಲದ್ದು. ಇವುಗಳ ಪೂರ್ವಾಪರ ವಿಚಾರಿಸುವುದು ಸುಲಭ. ಹೊರರಾಜ್ಯದ ಸಂಖ್ಯೆಯಾದರೆ ಎರಡು ಸಲ ಯೋಚಿಸಿ. ದೆಹಲಿ ಪ್ರಾಂತದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳಿಗೆ ನ್ಯಾಯಾಲಯಗಳು ನಿರ್ಬಂಧ ಹಾಕಿದಂದಿನಿಂದ ಅಂಥ ಕಾರುಗಳು ದೂರದ ರಾಜ್ಯಗಳಿಗೆ ಅಗ್ಗವಾಗಿ ಹೋಗಿವೆ. ಇಲ್ಲಿಗೆ ತಂದರೆ ಆ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು. ಅದೆಲ್ಲ ಕೂಡಿದಾಗ ಅಗ್ಗ ಎಂಬ ಮಾತಿಗೆ ಅರ್ಥ ಉಳಿಯದು. ಕಟ್ಟದೆ ಬಿಟ್ಟ ಸಂಚಾರ ದಂಡಗಳಿವೆಯೇ ಎಂಬುದನ್ನೂ ಕಾರಿನ ಸಂಖ್ಯೆಯಿಂದ ಫೋನಿನಲ್ಲೇ ನೋಡಬಹುದು.

ಕಾಗದ ಸರಿಯಾಗಿದ್ದರೆ ಕಾರಿನ ಬಳಿಗೆ ಬನ್ನಿ. ಬೆಳಗಿನ ಹೊತ್ತು, ಮುಂಚಿತವಾಗಿ ತಿಳಿಸದೆ ಹೋಗುವುದು ಲೇಸು. ಬಾನೆಟ್ಟಿನ ಮೇಲೆ ಕೈಯಿಡಿ. ಆಗಲೇ ಬಿಸಿಯಾಗಿದ್ದರೆ, ತಣ್ಣಗಿರುವಾಗ ಹೊರಡಲು ಹಟಮಾಡುವ ಎಂಜಿನ್ ಇರಬಹುದು. ಹೊಗೆಯನ್ನು ನೋಡಿ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆಯನ್ನು ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ತಂಪು ನೀರು ಒಳಸೇರುತ್ತಿರಬಹುದು. ಇವೆರಡೂ ಬಡವನ ಜೇಬಿಗೆ ಬರುವ ರೋಗಗಳಲ್ಲ. ಮೀಟರಿನಲ್ಲಿ ನಲವತ್ತು ಸಾವಿರ ಕಿಲೋಮೀಟರು ಎಂದಿದ್ದು, ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ ರಬ್ಬರಿನ ಮಾತನ್ನೇ ನಂಬಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದೆಂದು ತಿಳಿಯಬೇಕು. ಹೂವು ಸವೆಯದಿದ್ದರೂ ಹಳೆಯ ರಬ್ಬರು ಬಿರುಕುಬಿಟ್ಟಿರುತ್ತದೆ.

ನೀರಿನಲ್ಲಿ ಮುಳುಗಿದ ಕಾರಿನ ಬಗ್ಗೆ ವಿಶೇಷ ಎಚ್ಚರ ಬೇಕು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಎಷ್ಟೋ ಕಾರುಗಳು ನಿಂತಲ್ಲಿಯೇ ಮುಳುಗಿದವು. ಕಾವೇರಿ ಉಕ್ಕಿದಾಗ ನಮ್ಮ ಹೊಳೆಯಂಚಿನ ಊರುಗಳಿಗೂ ಈ ಭಯವಿದೆ. ಸೀಟುಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ನೆಲಹಾಸು ಎತ್ತಿ ಮೂಸಿ ನೋಡಿ, ಸೀಟಿನ ಕೆಳಗಿನ ಕಂಬಿಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಸುಗಂಧದ ಡಬ್ಬಿ ಅತಿಯಾಗಿ ಪರಿಮಳಿಸುತ್ತಿದ್ದರೆ ಏಕೆಂದು ಕೇಳಿಕೊಳ್ಳಿ.

ಓಡಿಸಿ ನೋಡುವುದಕ್ಕೆ ಮೇಲುಕೋಟೆಗಿಂತ ಒಳ್ಳೆಯ ಪರೀಕ್ಷಾಮಂದಿರ ನಮ್ಮಲ್ಲಿಲ್ಲ. ಜಕ್ಕನಹಳ್ಳಿಯಿಂದ ಬೆಟ್ಟದ ದಾರಿ ಹಿಡಿಯಿರಿ. ಏರಿನಲ್ಲಿ ಎಂಜಿನ್ ಅರಚಿದರೂ ಕಾರು ಮುಂದೆ ಹೋಗದಿದ್ದರೆ ಕ್ಲಚ್ಚು ಸವೆದಿದೆ. ಶಾಖದ ಮುಳ್ಳು ಏರುತ್ತಾ ಹೋದರೆ ರೇಡಿಯೇಟರನ್ನು ಶಂಕಿಸಿ. ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಕಾರು ಒಂದು ಮಗ್ಗುಲಿಗೆ ಎಳೆಯಬಾರದು, ಸ್ಟಿಯರಿಂಗು ನಡುಗಬಾರದು. ಜೊತೆಗೆ ಒಬ್ಬ ಮೆಕ್ಯಾನಿಕ್ಕನ್ನು ಕರೆದೊಯ್ಯಿರಿ. ಅವರ ದಿನದ ಕೂಲಿಯನ್ನು ನೀವೇ ಕೊಡಿ. ಮಾರುವವರಿಂದ ದಳ್ಳಾಳಿ ಪಡೆಯುವ ಬಾಯಿ ನಿಮ್ಮ ಪರ ಮಾತನಾಡದು.

ಬ್ರೇಕು, ಟೈರುಗಳ ಮಾತು ಬರಿಯ ಹಣದ ಮಾತಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು. 2023ರಲ್ಲಿ ಅದೇ ನಾಲೆಗೆ ಕಾರುಗಳೂ ಬಿದ್ದು ಜೀವಹಾನಿಯಾಯಿತು. ಕಾರಣಗಳು ಏನೇ ಇರಲಿ, ನಾಲೆಯ ಏರಿಯ ಮೇಲೆ ದಿನವೂ ಓಡಾಡುವ ನಮಗೆ ಅರೆಬರೆ ಬ್ರೇಕಿನ ಕಾರು ಬೇಡ. ಚಾಲಕನ ಏರ್‌ಬ್ಯಾಗು ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು 2019ರ ಜುಲೈನಿಂದ. ಅದಕ್ಕೂ ಹಳೆಯ ಅಗ್ಗದ ಕಾರುಗಳಲ್ಲಿ ಅದು ಇಲ್ಲದಿರಬಹುದು. ಹಿಂದಿನ ಸೀಟಿನವೂ ಸೇರಿ ಎಲ್ಲ ಸೀಟುಬೆಲ್ಟುಗಳೂ ಬಿಗಿಯುತ್ತವೆಯೇ ಎಂಬುದನ್ನಾದರೂ ಅವಶ್ಯ ನೋಡಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದುದು ಹೆಸರಿನ ವಿಚಾರ. ವ್ಯಾಕರಣದಲ್ಲಿ ಒಡೆತನವನ್ನು ಸೂಚಿಸುವುದು ಷಷ್ಠೀ ವಿಭಕ್ತಿ. ‘ರಾಮಯ್ಯನ ಕಾರು’ ಎನ್ನಲು ಒಂದು ಪ್ರತ್ಯಯ ಸಾಕು. ಕಾನೂನಿಗೆ ಅದು ಸಾಲದು, ಆರ್.ಟಿ.ಓ. ಕಚೇರಿಯ ದಾಖಲೆಯಲ್ಲಿ ಹೆಸರು ಬದಲಾಗಬೇಕು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ರಾಜ್ಯದೊಳಗಿನ ವ್ಯವಹಾರದಲ್ಲಿ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ತಿಳಿಸಬೇಕು. ಫಾರಂ 29 ಮತ್ತು 30 ಇದಕ್ಕಾಗಿಯೇ ಇವೆ. ಸಹಿ ಹಾಕಿದ ಖಾಲಿ ಫಾರಮುಗಳನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಅಪಾಯಕರ. ಹಲವರ ಕೈದಾಟಿಯೂ ದಾಖಲೆಯಲ್ಲಿ ಮೊದಲಿನವರ ಹೆಸರೇ ಉಳಿದಿದ್ದ ಕಾರೊಂದು 2009ರಲ್ಲಿ ಅಪಘಾತ ಮಾಡಿತು. ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಇದು ಮಾರುವವರಿಗೆ ಪಾಠ. ಕೊಳ್ಳುವವರಿಗೂ ಪಾಠವುಂಟು. 14 ದಿನಗಳೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡದಿದ್ದರೆ, ನಿಮ್ಮ ಕಾರಿಗೆ ಪೆಟ್ಟಾದಾಗ ಪರಿಹಾರ ಕೇಳಲು ನೀವು ಯಾರು ಎಂಬ ಪ್ರಶ್ನೆ ಏಳುತ್ತದೆ.

ಮುಂಗಡ ಕೊಡುವಾಗ ಚೀಟಿ ಬರೆಸಿಕೊಳ್ಳಿ. ಉಳಿದ ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಎರಡನೆಯ ಕೀಲಿಕೈಯನ್ನು ಕೇಳಿ ಪಡೆಯಿರಿ. ಮನಸ್ಸಿಗೆ ಒಂದು ಅನುಮಾನ ಉಳಿದರೂ ನಮಸ್ಕಾರ ಹೇಳಿ ಹಿಂದಿರುಗಿ. ಈ ವಾರ ಬಿಟ್ಟ ಕಾರಿನಂಥದು ಮುಂದಿನ ತಿಂಗಳು ಇನ್ನೊಂದು ಬರುತ್ತದೆ. ಕೊಟ್ಟ ಹಣ ಮಾತ್ರ ಹಾಗೆ ಬರುವುದಿಲ್ಲ.